ಮೂಲೆ ಕಾಯುವ ಹುಡುಗ

ಕುಂದಾಪುರದ ಪೇಟೆಯನ್ನು ಹಿಂದಿಕ್ಕಿ ಪಡುವಣಕ್ಕೆ ಸಾಗಿದರೆ ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು; ನಡುವೆ ನೀಳವಾಗಿ ಚಾಚಿಕೊಂಡ ಮರಳ ನೆಲ. ಅದೇ ಕೋಡಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯೆಂಬ ಹೆಸರಿನಿಂದ ಸಮುದ್ರವನ್ನು ಸೇರುವ ಅಳಿವೆಯ ತೆಂಕಣ ದಡವಿದು. ಬಡಗಣ ದಡದಲ್ಲಿ ಗಂಗೊಳ್ಳಿಯ ಬಂದರು. ದೀಪಸ್ತಂಭ, ತೆಂಗಿನ ಸಾಲು, ಮೀನುಗಾರರ ಮನೆಗಳು ಈ ಊರಿನ ಗುರುತುಗಳು. ಮಳೆಗಾಲ ಕಳೆದು ನೆಲ ಒಣಗಿತೆಂದರೆ ಕೋಡಿಯಿಂದ ಬೈಂದೂರಿನವರೆಗೂ, ಈಚೆ ಬ್ರಹ್ಮಾವರದವರೆಗೂ ಊರೂರಿಗೆ ಇನ್ನೊಂದು ಗುರುತು ಕೂಡಿಕೊಳ್ಳುತ್ತದೆ. ರಸ್ತೆಯ ತಿರುವುಗಳಲ್ಲಿ "ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ" ಎಂದು ಸಾರುವ ಫಲಕಗಳು ಕಾಣಿಸಿಕೊಳ್ಳುತ್ತವೆ.

ಇಂತಹ ಪಂದ್ಯಾಟಗಳಲ್ಲಿ ಜನರ ಕಣ್ಣೆಲ್ಲ ದಾಳಿಗಾರನ ಮೇಲೆ. ಅವನು ನಡುಗೆರೆಯನ್ನು ದಾಟಿದೊಡನೆ ಶಿಳ್ಳೆ, ಚಪ್ಪಾಳೆ. ಇಬ್ಬರನ್ನು ಮುಟ್ಟಿ ಮರಳಿದನೆಂದರೆ ಕಿವಿಗಡಚಿಕ್ಕುವ ಕೂಗು. ಬಹುಮಾನ ವಿತರಣೆಯ ಹೊತ್ತಿಗೆ 'ಉತ್ತಮ ದಾಳಿಗಾರ', 'ಸವ್ಯಸಾಚಿ ಆಟಗಾರ' ಎಂಬ ಹೆಸರುಗಳು ಮೊಳಗುತ್ತವೆ. 'ಉತ್ತಮ ಹಿಡಿತಗಾರ' ಎಂಬ ಬಹುಮಾನವೂ ಉಂಟು. ಆದರೆ ಅಂಕಣದ ಮೂಲೆಯಲ್ಲಿ ಮೊಣಕಾಲು ಬಗ್ಗಿಸಿ, ತೋಳು ಚಾಚಿ, ನಲವತ್ತು ನಿಮಿಷವೂ ಎದುರಾಳಿಯ ಕಾಲನ್ನೇ ನೋಡುತ್ತ ನಿಂತ ಹುಡುಗನನ್ನು ಗಮನಿಸುವವರು ಎಷ್ಟು ಮಂದಿ? ತಂಡದ ಅಳಿವು ಉಳಿವು ಅವನ ಕೈಯಲ್ಲಿರುತ್ತದೆ. ಆಯ್ಕೆಗಾರರು ಅತ್ಯಂತ ಸುಲಭವಾಗಿ ತಪ್ಪು ತಿಳಿಯುವುದೂ ಅವನನ್ನೇ.

ಮೂಲೆಯೆಂದರೇನು?

ಆಟವನ್ನು ಬಲ್ಲವರಿಗೂ ಅದರ ಲೆಕ್ಕಾಚಾರ ಒಮ್ಮೊಮ್ಮೆ ಮರೆತಿರುತ್ತದೆ. ಪುರುಷರ ಕಬಡ್ಡಿ ಅಂಕಣದ ಉದ್ದ ೧೩ ಮೀಟರು, ಅಗಲ ೧೦ ಮೀಟರು. ನಡುಗೆರೆ ಇದನ್ನು ಆರೂವರೆ ಮೀಟರಿನ ಎರಡು ಮನೆಗಳಾಗಿ ಸೀಳುತ್ತದೆ. ಪ್ರತಿ ಮನೆಯಲ್ಲಿ ಏಳು ಮಂದಿ: ನಟ್ಟನಡುವೆ ಒಬ್ಬ, ಅವನ ಎಡಬಲಗಳಲ್ಲಿ ಇಬ್ಬರು ಕವರ್ ಆಟಗಾರರು, ಅವರಾಚೆ ಇಬ್ಬರು 'ಇನ್' ಆಟಗಾರರು, ಎರಡು ತುದಿಗಳಲ್ಲಿ ಇಬ್ಬರು ಮೂಲೆಯವರು. ಬಿಲ್ಲಿನ ಆಕಾರದಲ್ಲಿ ನಿಂತ ಈ ಸಾಲಿನ ಎರಡು ಕೊನೆಗಳನ್ನು ಬಿಗಿಹಿಡಿದವರು ಮೂಲೆಯವರೇ. ಆಟಗಾರರ ಮಾತಿನಲ್ಲಿ ಅವರಿಗೆ 'ಕಾರ್ನರ್' ಎಂದೇ ಹೆಸರು.

ದಾಳಿಗಾರನಿಗೆ ಒಂದೇ ಉಸಿರಿನಲ್ಲಿ ೩೦ ಸೆಕೆಂಡುಗಳ ಅವಕಾಶ. ನಡುಗೆರೆಯಿಂದ ೩.೭೫ ಮೀಟರು ದೂರದ ಬಾಕ್ ಗೆರೆಯನ್ನಾದರೂ ದಾಟದೆ, ಯಾರನ್ನೂ ಮುಟ್ಟದೆ ಮರಳಿದರೆ ಅವನು ಔಟಾದಂತೆ. ಅಲ್ಲಿಂದ ಒಂದು ಮೀಟರು ಒಳಗೆ ಬೋನಸ್ ಗೆರೆ. ಎದುರಿಗೆ ಆರು ಮಂದಿಯಾದರೂ ಇರುವಾಗ ಅದರಾಚೆ ಒಂದು ಪಾದವನ್ನೂರಿ, ಇನ್ನೊಂದನ್ನು ನೆಲದಿಂದ ಎತ್ತಿದರೆ ಒಂದಂಕ ದೊರಕುತ್ತದೆ. ಈ ಅಂಕವನ್ನು ಕದಿಯುವ ಆಸೆಯಿಂದ ದಾಳಿಗಾರನು ಬಹುಮಟ್ಟಿಗೆ ಮೂಲೆಯ ಕಡೆಗೇ ಸರಿಯುತ್ತಾನೆ. ಅಲ್ಲಿಯೇ ಮೂಲೆಯವನ ಪರೀಕ್ಷೆ. ಕಾಲು ಒಳಗೆ ಬಂದ ಕ್ಷಣದಲ್ಲಿ ಹಿಮ್ಮಡಿಗೆ ಕೈಹಾಕಿ ಎಳೆಯಬೇಕು. ಕವರ್ ಆಟಗಾರ ಓಡಿ ಬಂದು ಬೀಳುವವರೆಗೆ ಬಿಡಬಾರದು. ಅರ್ಧ ಕ್ಷಣ ಮೊದಲೇ ನುಗ್ಗಿದರೆ ದಾಳಿಗಾರ ಬೆನ್ನು ತಟ್ಟಿ ಹೋಗುತ್ತಾನೆ. ಅರ್ಧ ಕ್ಷಣ ತಡವಾದರೆ ಬೋನಸ್ಸನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ.

"ಹಿಡಿ ಮಾಣಿ, ಬಿಡ್ಬೇಡ!" ಎಂದು ಬೇಲಿಯ ಹೊರಗಿನಿಂದ ಕೂಗುವುದು ಸುಲಭ. ಆದರೆ ಹತ್ತಾರು ಪಂದ್ಯಾಟಗಳನ್ನು ಕಂಡ ಹಳೆಯ ಆಟಗಾರರು ಎಳೆಯರಿಗೆ ಹೇಳಿಕೊಡುವ ಮಾತು ಬೇರೆ: "ಎಂತಕ್ಕೆ ಅವಸರ ಮಾಣಿ? ಅವ್ನೇ ಕಾಲ್ ಹಾಕ್ಲಿ, ಕಾಂಬ." ಕಾಯುವುದೇ ಮೂಲೆಯವನ ವಿದ್ಯೆ. ಕಾಯುವ ವಿದ್ಯೆಯನ್ನು ಹದಿನಾರರ ಹುಡುಗನು ಒಂದು ಋತುವಿನಲ್ಲಿ ಕಲಿಯಲಾರ.

ಅಂಕಪಟ್ಟಿಗೆ ಕಾಣದ ಆಟ

ದಾಳಿಗಾರನ ಲಯವನ್ನು ಅಳೆಯುವುದು ಕಷ್ಟವಲ್ಲ. ಅಂಕಗಳನ್ನು ಕೂಡಿದರೆ ಸಾಕು. ಮೂಲೆಯವನ ಲೆಕ್ಕ ಹಾಗಲ್ಲ. ೨೦೧೮ರ ಅಕ್ಟೋಬರಿನಲ್ಲಿ ಆರಂಭವಾಗಿ ೨೦೧೯ರ ಜನವರಿಯಲ್ಲಿ ಮುಗಿದ ಪ್ರೊ ಕಬಡ್ಡಿಯ ಆರನೆಯ ಆವೃತ್ತಿಯನ್ನು ನೋಡಬಹುದು. ಬೆಂಗಳೂರು ಬುಲ್ಸ್ ತಂಡದ ಪವನ್ ಸೆಹ್ರಾವತ್ ಆ ಋತುವಿನಲ್ಲಿ ದಾಳಿಯಿಂದಲೇ ೨೭೧ ಅಂಕಗಳನ್ನು ಗಳಿಸಿದರು. ಯು.ಪಿ. ಯೋಧಾ ತಂಡದ ಬಲಮೂಲೆಯ ನಿತೇಶ್ ಕುಮಾರ್ ಹಿಡಿತದಿಂದ ಗಳಿಸಿದ್ದು ೧೦೦. ಒಂದು ಆವೃತ್ತಿಯಲ್ಲಿ ಹಿಡಿತದ ನೂರು ಅಂಕಗಳನ್ನು ಮುಟ್ಟಿದವರಲ್ಲಿ ಅವರೇ ಮೊದಲಿಗರು. ಅದು ಅಸಾಮಾನ್ಯ ಸಾಧನೆಯೇ. ಆದರೂ ಅಂಕೆಯನ್ನು ಮಾತ್ರ ನೋಡುವವನಿಗೆ ನೂರು ಚಿಕ್ಕದು, ಇನ್ನೂರೆಪ್ಪತ್ತೊಂದು ದೊಡ್ಡದು.

ಇದಲ್ಲದೆ ಮೂಲೆಯವನ ಶ್ರೇಷ್ಠ ಕೆಲಸ ಬಹಳ ಸಲ ಪಟ್ಟಿಗೇ ಏರುವುದಿಲ್ಲ. ಅವನ ಭಯದಿಂದ ದಾಳಿಗಾರ ಆ ದಿಕ್ಕಿಗೆ ಹೋಗದೆ ಬರಿಗೈಯಲ್ಲಿ ಮರಳಿದರೆ ಅದಕ್ಕೆ ಅಂಕವೆಲ್ಲಿ? ಅವನು ಕಾಲನ್ನು ತಡೆದು ನಿಲ್ಲಿಸಿದಾಗ ಪಕ್ಕದವನು ಬಂದು ಕೆಡಹಿದರೆ ಜನ ಹೊಗಳುವುದು ಕೆಡಹಿದವನನ್ನು. ಮೂಲೆಗಳೆರಡೂ ಭದ್ರವಾಗಿದ್ದರೆ ತಂಡ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಕರಾವಳಿಯವರೇ ಒಬ್ಬರು ಸಾಕ್ಷಿ. ೨೦೧೭ರಲ್ಲಿ ಹೊಸದಾಗಿ ಕಣಕ್ಕಿಳಿದ ಗುಜರಾತ್ ತಂಡದ ನಾಯಕತ್ವವನ್ನು ಕಾರ್ಕಳದ ಸುಕೇಶ್ ಹೆಗ್ಡೆ ವಹಿಸಿದ್ದರು. ಆ ತಂಡದ ಎಡಮೂಲೆಯಲ್ಲಿ ಇರಾನಿನ ಫಜಲ್ ಅತ್ರಾಚಲಿ, ಬಲಮೂಲೆಯಲ್ಲಿ ಅದೇ ದೇಶದ ಅಬೋಜರ್ ಮಿಘಾನಿ. ಚೊಚ್ಚಲ ವರ್ಷದಲ್ಲಿಯೇ ಆ ತಂಡ ಅಂತಿಮ ಪಂದ್ಯವನ್ನು ತಲುಪಿತು. ಮರುವರ್ಷದ ಹರಾಜಿನಲ್ಲಿ ಒಂದು ಕೋಟಿ ರೂಪಾಯಿಯ ಬೆಲೆಯನ್ನು ಮೊತ್ತಮೊದಲು ಮುಟ್ಟಿದವರು ಅದೇ ಎಡಮೂಲೆಯ ಫಜಲ್. ಅದೇ ೨೦೧೮ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರು ಇರಾನಿನ ಬಿಗಿಯಾದ ಹಿಡಿತಕ್ಕೆ ಸಿಕ್ಕಿ ೧೮–೨೭ರಿಂದ ಸೋತರು. ೧೯೯೦ರಲ್ಲಿ ಬೀಜಿಂಗಿನಲ್ಲಿ ಕಬಡ್ಡಿ ಏಷ್ಯನ್ ಕೂಟವನ್ನು ಸೇರಿದಂದಿನಿಂದ ಕೈಬಿಡದಿದ್ದ ಚಿನ್ನ ಅಂದು ಕೈತಪ್ಪಿತು.

ಮೂಲೆಯವರ ಇನ್ನೊಂದು ವೈಶಿಷ್ಟ್ಯ, ಅವರು ಜೋಡಿಯಾಗಿ ಬೆಳೆಯುವುದು. ಸುರೇಂದರ್ ನಾಡಾ ಮತ್ತು ಮೋಹಿತ್ ಛಿಲ್ಲರ್ ಎಂಬ ಜೋಡಿ ಮೊದಲು ಮುಂಬಯಿಯ ತಂಡದಲ್ಲಿ ಒಟ್ಟಿಗೆ ಆಡಿತು. ೨೦೧೬ರಲ್ಲಿ ಇಬ್ಬರೂ ಬೆಂಗಳೂರು ಬುಲ್ಸ್ ಸೇರಿದರು. ೨೦೧೭ರಲ್ಲಿ ಇಬ್ಬರೂ ಹರಿಯಾಣಕ್ಕೆ ಹೋದರು. ಒಂದು ಮೂಲೆಯವನು ಕಾಲನ್ನು ಹಿಡಿದಾಗ ಇನ್ನೊಂದು ಮೂಲೆಯವನು ಹಿಂದಿನಿಂದ ದಾರಿಯನ್ನು ಮುಚ್ಚಬೇಕಷ್ಟೆ. ಆ ತಿಳಿವಳಿಕೆ ವರ್ಷಗಳ ಒಡನಾಟದಿಂದ ಬರುವಂಥದು. ಹೀಗಿರುವಾಗ ಆಯ್ಕೆಯ ದಿನ ಎಲ್ಲಿಂದಲೋ ಬಂದ ಏಳು ಮಂದಿಯನ್ನು ಒಟ್ಟುಗೂಡಿಸಿ ಹತ್ತು ನಿಮಿಷ ಆಡಿಸಿ ನೋಡಿದರೆ ದಾಳಿಗಾರ ಹೊಳೆಯುತ್ತಾನೆ. ಗುರುತಿಲ್ಲದ ಜೊತೆಗಾರರ ನಡುವೆ ನಿಂತ ಮೂಲೆಯ ಹುಡುಗ ಮಂಕಾಗುತ್ತಾನೆ.

ಕೈಬಿಟ್ಟವರೇ ಕಣ್ಮಣಿಗಳಾದರು

ಅಂಕಗಳು ಕಣ್ಣಿಗೆ ರಾಚುವ ದಾಳಿಗಾರರ ವಿಷಯದಲ್ಲಿಯೂ ಆಯ್ಕೆಯ ಲೆಕ್ಕ ಎಷ್ಟು ತಪ್ಪಬಲ್ಲುದೆಂಬುದಕ್ಕೆ ನಮ್ಮ ರಾಜ್ಯದ ತಂಡವೇ ಎರಡು ಪಾಠಗಳನ್ನು ಒದಗಿಸಿದೆ. ೨೦೧೫ರಲ್ಲಿ ಬೆಂಗಳೂರು ಬುಲ್ಸ್ ತಂಡದಲ್ಲಿ ಹದಿನೆಂಟು ವರ್ಷದ ಪರ್ದೀಪ್ ನರ್ವಾಲ್ ಎಂಬ ಹುಡುಗನಿದ್ದ. ಬೆರಳೆಣಿಕೆಯ ಪಂದ್ಯಗಳಲ್ಲಿ ಆಡಿದ, ಹೇಳಿಕೊಳ್ಳುವಂಥದೇನೂ ಆಗಲಿಲ್ಲ. ಮುಂದಿನ ಆವೃತ್ತಿಗೆ ಅವನು ಪಟ್ನಾ ತಂಡಕ್ಕೆ ಹೋದ. ೨೦೧೬ರ ಆರಂಭದ ಆ ಆವೃತ್ತಿಯಲ್ಲಿಯೇ ದಾಳಿಯಿಂದ ೧೧೬ ಅಂಕಗಳನ್ನು ಗಳಿಸಿ ತಂಡಕ್ಕೆ ಪ್ರಶಸ್ತಿಯನ್ನು ತಂದುಕೊಟ್ಟ. ಅಲ್ಲಿಂದ ಸತತವಾಗಿ ಮೂರು ಸಲ ಪಟ್ನಾ ಗೆದ್ದಿತು. ಮುಂಬಯಿಯಲ್ಲಿ ಬೆಳೆದ ರಿಶಾಂಕ್ ದೇವಾಡಿಗ ೨೦೧೭ರಲ್ಲಿ ಒಂದೇ ಪಂದ್ಯದಲ್ಲಿ ೨೮ ಅಂಕಗಳನ್ನು ದಾಳಿಯಿಂದ ಕಲೆಹಾಕಿ ದಾಖಲೆ ಮಾಡಿದಾಗ, ಕೆಲವೇ ವಾರಗಳಲ್ಲಿ ೩೪ ಅಂಕಗಳೊಂದಿಗೆ ಅದನ್ನು ಮೀರಿದವರಲ್ಲಿ ಇದೇ ನರ್ವಾಲ್ ಕೂಡ ಒಬ್ಬರು.

ಎರಡನೆಯ ಪಾಠ ಪವನ್ ಸೆಹ್ರಾವತ್ ಅವರದು. ೨೦೧೬ರಲ್ಲಿ ಬೆಂಗಳೂರಿನಲ್ಲಿಯೇ ಆಟವನ್ನಾರಂಭಿಸಿದ ಇವರು ೨೦೧೭ರಲ್ಲಿ ಗುಜರಾತಿಗೆ ಹೋದರು. ಅಲ್ಲಿ ಬಹುಪಾಲು ಹೊರಗೆ ಕುಳಿತೇ ಕಾಲ ಕಳೆಯಬೇಕಾಯಿತು. ಮರುವರ್ಷ ಬೆಂಗಳೂರು ಅವರನ್ನು ಮರಳಿ ಕರೆತಂದಿತು. ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅದೇ ಗುಜರಾತಿನ ಮೇಲೆ ಅವರು ೨೨ ಅಂಕಗಳನ್ನು ಗಳಿಸಿದರು. ಬೆಂಗಳೂರು ೩೮–೩೩ರಿಂದ ಗೆದ್ದು ಮೊದಲ ಬಾರಿ ಕಿರೀಟವನ್ನು ಧರಿಸಿತು. ಹೊರಗೆ ಕುಳಿತಾಗಲೂ, ಗೆದ್ದಾಗಲೂ ಹುಡುಗ ಒಬ್ಬನೇ. ನಡುವೆ ಬದಲಾದದ್ದು ಅವನ ವಯಸ್ಸು, ಅನುಭವ, ಮತ್ತು ಅವನ ಮೇಲೆ ನಂಬಿಕೆಯಿಟ್ಟವರ ಮನಸ್ಸು.

ಎಳೆಯರನ್ನು ನಂಬಿ ಗೆದ್ದ ಉದಾಹರಣೆಯೂ ಉಂಟು. ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ. ಸಿ. ರಮೇಶ್ ಅವರ ತರಬೇತಿಯಲ್ಲಿ ಪುಣೇರಿ ಪಲ್ಟನ್ ೨೦೨೪ರ ಮಾರ್ಚ್ ೧ರಂದು ಹರಿಯಾಣವನ್ನು ೨೮–೨೫ರಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆಯಿತು. ಆ ತಂಡದ ನಾಯಕ ಅಸ್ಲಂ ಇನಾಮ್‌ದಾರ್ ಇಪ್ಪತ್ತರ ಆಸುಪಾಸಿನ ತರುಣ. ಎಡಮೂಲೆಯಲ್ಲಿದ್ದ ಇರಾನಿನ ಮೊಹಮ್ಮದ್‌ರೇಜಾ ಶಾದ್ಲೂಯಿ ೨೦೦೦ದಲ್ಲಿ ಹುಟ್ಟಿದವರು.

ಬೆಳೆಯುವ ಮೈ

ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಹುಡುಗರು ಹೊಡೆ ಬಿಡುವ ಭತ್ತದಂತೆ ಒಮ್ಮೆಲೇ ನೀಳವಾಗುತ್ತಾರೆ. ಕೆಲವರಿಗೆ ಇದು ಹನ್ನೆರಡಕ್ಕೆ ಬಂದರೆ ಕೆಲವರಿಗೆ ಹದಿನಾರಕ್ಕೆ. ಶಾಲಾ ಕ್ರೀಡಾಕೂಟದಲ್ಲಿ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ ಹೋಗುವ ಹಂತಗಳಲ್ಲಿ ಬೇಗ ಬೆಳೆದವನು ಸಹಜವಾಗಿಯೇ ಮುಂದಿರುತ್ತಾನೆ. ವಯೋಮಿತಿಯ ಗಡಿ ದಿನಾಂಕಕ್ಕೆ ತುಸು ಈಚೆ ಹುಟ್ಟಿದವನು ಅದೇ ಗುಂಪಿನಲ್ಲಿರುವ, ತನಗಿಂತ ಹನ್ನೊಂದು ತಿಂಗಳು ಕಿರಿಯವನ ಎದುರಿಗೆ ಬಲಶಾಲಿಯಾಗಿ ಕಾಣುತ್ತಾನೆ. ಕೆನಡಾದ ಐಸ್ ಹಾಕಿ ಆಟದಲ್ಲಿ ಹೆಸರು ಮಾಡಿದವರ ಪೈಕಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂಬುದನ್ನು ೧೯೮೦ರ ದಶಕದಲ್ಲಿಯೇ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಅಲ್ಲಿ ಗಡಿ ಜನವರಿ ಒಂದು. ತಡವಾಗಿ ಹುಟ್ಟಿದವರಲ್ಲಿ ಪ್ರತಿಭೆ ಕಡಿಮೆಯೆಂದೇ? ಖಂಡಿತ ಅಲ್ಲ, ಅವರನ್ನು ಕಾಯುವವರಿರಲಿಲ್ಲ.

ಕಾಯುವುದನ್ನು ಒಂದು ಪದ್ಧತಿಯನ್ನಾಗಿಸಿಕೊಂಡ ದೇಶ ಆಸ್ಟ್ರೇಲಿಯ. ಅಲ್ಲಿ ಅವರದೇ ಆದ ಒಂದು ಫುಟ್‌ಬಾಲ್ ಆಟವಿದೆ. ಅದರ ಮೊದಲ ನಿಯಮಗಳನ್ನು ೧೮೫೯ರಲ್ಲಿ ಮೆಲ್ಬರ್ನಿನಲ್ಲಿ ಬರೆದರು. ತಂಡಕ್ಕೆ ೧೮ ಮಂದಿ, ಮೊಟ್ಟೆಯಾಕಾರದ ಚೆಂಡು. ಬಯಲಿನ ಎರಡು ತುದಿಗಳಲ್ಲಿ, ಗೋಲಿನ ಸಮೀಪದಲ್ಲಿ, ಎತ್ತರದ ಆಳುಗಳನ್ನು ನಿಲ್ಲಿಸುತ್ತಾರೆ. ಒಬ್ಬ ಚೆಂಡನ್ನು ಹಾರಿ ಹಿಡಿಯುವವನು, ಇನ್ನೊಬ್ಬ ತಡೆಯುವವನು. ಹದಿನೆಂಟರ ಸುಮಾರಿನ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಏರ್ಪಾಡು ೧೯೮೬ರಿಂದ ನಡೆದಿದೆ. ಚುರುಕಾದ ಗಿಡ್ಡ ಆಟಗಾರ ಮೊದಲ ವರ್ಷದಲ್ಲಿಯೇ ಮೆರೆಯಬಹುದು; ಎತ್ತರದ ಹುಡುಗ ಮೈದುಂಬಿ, ಗಟ್ಟಿಗರ ತಳ್ಳಾಟಕ್ಕೆ ಎದೆಗೊಡಲು ಹಲವು ವರ್ಷಗಳು ಬೇಕೆಂಬುದು ಅಲ್ಲಿನ ತರಬೇತುದಾರರು ಬಲ್ಲ ಮಾತು. ಆದುದರಿಂದ ಅವನನ್ನು ಎರಡನೆಯ ದರ್ಜೆಯ ಪಂದ್ಯಗಳಲ್ಲಿ ಆಡಿಸುತ್ತ ಬೆಳೆಸುತ್ತಾರೆ. ಕಬಡ್ಡಿಯ ಮೂಲೆಯವನಿಗೂ ಬೇಕಾದುದು ಇಂತಹದೇ ಅವಧಿ.

ಬೆಳವಣಿಗೆಯ ಈ ಕಾಲದಲ್ಲಿ ಮೊಣಕಾಲಿನ ಕೆಳಗಿನ ಮೂಳೆಯ ಉಬ್ಬಿನಲ್ಲಿ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಮೂಳೆ ಬೇಗ ಬೆಳೆದು ಸ್ನಾಯು ಅದನ್ನು ಎಳೆಯುವುದರಿಂದ ಹೀಗಾಗುತ್ತದೆ. ವಿಶ್ರಾಂತಿ ಕೊಟ್ಟರೆ ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಇದನ್ನು ಸೋಮಾರಿತನವೆಂದು ತಿಳಿದು ಹುಡುಗನನ್ನು ಗದರಿಸಿ ಆಡಿಸುವುದು ಸಲ್ಲದು. ಇನ್ನೊಂದು ಸಂಗತಿ ಅಂಕಣದ್ದು. ಕರಾವಳಿಯ ಹುಡುಗ ಕಲಿಯುವುದು ಮಣ್ಣಿನಲ್ಲಿ, ಮರಳಿನಲ್ಲಿ; ಬರಿಗಾಲಿನಲ್ಲಿ. ದೊಡ್ಡ ಪಂದ್ಯಗಳು ನಡೆಯುವುದು ಮ್ಯಾಟಿನ ಮೇಲೆ, ಬೂಟು ಧರಿಸಿ. ಮರಳು ಜಾರಿ ದಾರಿ ಕೊಡುತ್ತದೆ. ಮ್ಯಾಟು ಕಾಲನ್ನು ಕಚ್ಚಿ ಹಿಡಿಯುತ್ತದೆ. ಹಿಡಿತದ ಹೊತ್ತಿಗೆ ಮೈ ತಿರುಗಿ ಪಾದ ತಿರುಗದಿದ್ದರೆ ಮೊಣಕಾಲಿನೊಳಗಿನ ಕಟ್ಟು ಹರಿಯುವ ಅಪಾಯವಿದೆ. ಆಯ್ಕೆಗೆ ನಾಲ್ಕು ದಿನ ಮೊದಲು ಮ್ಯಾಟನ್ನು ಕಂಡ ಹುಡುಗ ಅಲ್ಲಿ ತಡವರಿಸಿದರೆ ಅದು ಅವನ ಆಟದ ದೋಷವಲ್ಲ.

ತಕ್ಕಡಿಯ ಭಯ

ಕಬಡ್ಡಿಯಲ್ಲಿ ವಯಸ್ಸಿನ ಜೊತೆಗೆ ತೂಕಕ್ಕೂ ಮಿತಿಯುಂಟು. ನಿಯಮಪುಸ್ತಕದ ರೂಢಿಯ ವಿಂಗಡಣೆಯಂತೆ ೧೬ರೊಳಗಿನವರಿಗೆ ೫೫ ಕಿಲೋ, ೨೦ರೊಳಗಿನ ಹುಡುಗರಿಗೆ ೭೦ ಕಿಲೋ, ಹಿರಿಯ ಪುರುಷರಿಗೆ ೮೫ ಕಿಲೋ. ಈ ಅಂಕೆಗಳು ಕಾಲಕಾಲಕ್ಕೆ ತುಸು ಹೆಚ್ಚು ಕಡಿಮೆಯಾಗುವುದುಂಟು. ಬಲವಾದ ಹುಡುಗರ ನಡುವೆ ಬಡಕಲು ಹುಡುಗ ನಲುಗಬಾರದೆಂಬುದೇ ಈ ನಿಯಮದ ಉದ್ದೇಶ. ಆದರೆ ಅದರ ಹೊರೆ ಬೀಳುವುದು ಎತ್ತರದ ಹುಡುಗನ ಮೇಲೆ. ನೀಳವಾದ ಕೈಕಾಲುಗಳಿಂದ ಮೂಲೆಗೆ ಹೇಳಿಮಾಡಿಸಿದಂತಿರುವ ಹದಿನೈದರ ಹುಡುಗ ತಕ್ಕಡಿಯ ಮುಳ್ಳು ಐವತ್ತೇಳಕ್ಕೆ ಹೋಯಿತೆಂದು ಎರಡು ದಿನ ಗಂಜಿಯನ್ನೂ ಬಿಟ್ಟು, ನೀರನ್ನೂ ಬಿಟ್ಟು, ಉರಿಬಿಸಿಲಿನಲ್ಲಿ ದಪ್ಪ ಅಂಗಿ ತೊಟ್ಟು ಓಡುವುದನ್ನು ಶಿಸ್ತೆಂದು ಕರೆಯಬಹುದೆ?

ಇದು ಜೀವಕ್ಕೇ ಎರವಾಗಬಹುದು. ೧೯೯೭ರ ಕೊನೆಯಲ್ಲಿ ಅಮೆರಿಕೆಯ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವ ಆತುರದಲ್ಲಿ ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಆ ಬಳಿಕವೇ ಅಲ್ಲಿನ ನಿಯಮಗಳು ಬದಲಾದವು. ೨೦೨೪ರ ಆಗಸ್ಟಿನಲ್ಲಿ ಪ್ಯಾರಿಸಿನ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ರಾತ್ರಿಯೆಲ್ಲ ಬೆವರು ಹರಿಸಿಯೂ ನೂರು ಗ್ರಾಮಿನ ಹೆಚ್ಚಳಕ್ಕಾಗಿ ಅಂತಿಮ ಪಂದ್ಯವನ್ನು ಕಳೆದುಕೊಂಡದ್ದು ದೇಶಕ್ಕೆಲ್ಲ ತಿಳಿದಿದೆ. ನುರಿತ ವೈದ್ಯರ ಕಾವಲಿನಲ್ಲಿದ್ದ ಹಿರಿಯ ಆಟಗಾರ್ತಿಗೇ ಈ ಪಾಡಾದರೆ, ಬೆಳೆಯುವ ಮೈಯ ಶಾಲಾ ಹುಡುಗನ ಗತಿಯೇನು? ತೂಕ ಮೀರಿದವನಿಗೆ ಮೇಲಿನ ಗುಂಪಿನ ಹಿರಿಯರೊಡನೆ ಅಭ್ಯಾಸ ಮಾಡಿ ಒಂದು ವರ್ಷ ಕಾಯುವ ಅವಕಾಶವನ್ನು ಕೊಡುವುದು ಅವನನ್ನು ಉಪವಾಸ ಕೆಡಹುವುದಕ್ಕಿಂತ ಸಾವಿರ ಪಾಲು ಮೇಲು.

ಹೆಣ್ಣುಮಕ್ಕಳ ಹಾದಿ

ಈ ಮಾತು ಹುಡುಗರಿಗೆ ಮಾತ್ರ ಅನ್ವಯಿಸುವುದಲ್ಲ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ರೈತ ಕುಟುಂಬದ ಮಮತಾ ಪೂಜಾರಿ ೨೦೧೨ರಲ್ಲಿ ಪಟ್ನಾದಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ಪಿನಲ್ಲಿ ಭಾರತದ ನಾಯಕಿಯಾಗಿದ್ದರು. ಅಂತಿಮ ಪಂದ್ಯದಲ್ಲಿ ಇರಾನನ್ನು ೨೫–೧೯ರಿಂದ ಸೋಲಿಸಿ ಕಪ್ಪನ್ನು ತಂದರು. ೨೦೧೦ ಮತ್ತು ೨೦೧೪ರ ಏಷ್ಯನ್ ಕೂಟಗಳಲ್ಲಿ ಚಿನ್ನ, ೨೦೧೪ರಲ್ಲಿ ಅರ್ಜುನ ಪ್ರಶಸ್ತಿ, ರೈಲ್ವೆಯಲ್ಲಿ ಉದ್ಯೋಗ. ಹಳ್ಳಿಯ ಶಾಲೆಯ ಹುಡುಗಿಯೊಬ್ಬಳು ಈ ಎತ್ತರಕ್ಕೆ ಏರಿದ್ದು ಕರಾವಳಿಯ ಎಷ್ಟೋ ತಾಯಂದಿರ ಮನಸ್ಸನ್ನು ಬದಲಿಸಿತು. ಆದರೂ ಹೆಣ್ಣುಮಗಳಿಗೆ ಸಿಗುವ ಕಾಲ ಇನ್ನೂ ಕಡಿಮೆ. ಒಂದು ವರ್ಷ ಆಯ್ಕೆಯಾಗದಿದ್ದರೆ ಹುಡುಗನಿಗೆ "ಬರುವ ವರ್ಷ ನೋಡುವ" ಎನ್ನುವ ಮನೆಯಲ್ಲಿಯೇ ಹುಡುಗಿಗೆ "ಇನ್ನು ಸಾಕು" ಎಂಬ ಮಾತು ಕೇಳಿಬರುತ್ತದೆ. ಮೂಲೆಯ ವಿದ್ಯೆ ಕೈಗೂಡುವ ಹೊತ್ತಿಗೇ ಅವಳು ಅಂಕಣದಿಂದ ಹೊರಗೆ!

ಮನೆಯವರ ಪಾಲು

ಮಧ್ಯಮ ವರ್ಗದ ಮನೆಯಲ್ಲಿ ಆಟದ ಪ್ರಶ್ನೆ ಕಡೆಗೆ ಬಂದು ನಿಲ್ಲುವುದು ಉದ್ಯೋಗದ ಎದುರಿಗೆ. ರೈಲ್ವೆ, ಪೊಲೀಸು, ಬ್ಯಾಂಕುಗಳಲ್ಲಿ ಕ್ರೀಡಾಪಟುಗಳಿಗೆ ಸ್ಥಾನಗಳುಂಟು. ಉಜಿರೆ, ಮೂಡುಬಿದಿರೆಗಳ ವಿದ್ಯಾಸಂಸ್ಥೆಗಳು ಆಟಗಾರ ವಿದ್ಯಾರ್ಥಿಗಳಿಗೆ ಊಟ, ವಸತಿ, ವಿದ್ಯೆಯನ್ನು ಒದಗಿಸುತ್ತ ಬಂದಿವೆ. ಈ ಬಾಗಿಲುಗಳೆಲ್ಲ ತೆರೆಯುವುದು ಪ್ರಮಾಣಪತ್ರವನ್ನು ನೋಡಿ. ಆದುದರಿಂದ ಜಿಲ್ಲೆಯ ಹನ್ನೆರಡು ಮಂದಿಯ ಪಟ್ಟಿಯಲ್ಲಿ ಒಂದು ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವೆ ಒಂದು ಸಂಸಾರದ ಭವಿಷ್ಯವೇ ನಿಂತಿರುತ್ತದೆ. ತಂದೆ ದೋಣಿಯಲ್ಲಿ ದುಡಿದು, ಮುಂಗಾರಿನ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಸಾಲದ ಮೇಲೆ ಬದುಕುವ ಮನೆಯಲ್ಲಿ ಆ ಪಟ್ಟಿಗೆ ಇನ್ನೂ ಹೆಚ್ಚಿನ ಬೆಲೆ.

ಆ ಬೆಲೆಗೆ ತಕ್ಕ ಎಚ್ಚರ ಆಯ್ಕೆಗಾರರಲ್ಲಿರಬೇಕು. ಒಂದು ರಾತ್ರಿಯ ಆಟವನ್ನು ನೋಡಿ ಮೂಲೆಯವನನ್ನು ತೀರ್ಮಾನಿಸಬಾರದು. ಮೂರು ನಾಲ್ಕು ಪಂದ್ಯಗಳಲ್ಲಿ, ಅವನ ಅಭ್ಯಾಸದ ಜೊತೆಗಾರನೊಡನೆಯೇ ನಿಲ್ಲಿಸಿ ನೋಡಬೇಕು. ಹಿಡಿದ ಅಂಕಗಳೊಂದಿಗೆ, ಅವನ ಮಗ್ಗುಲಿನಿಂದ ದಾಳಿಗಾರರು ಎಷ್ಟು ಸಲ ಬರಿಗೈಯಲ್ಲಿ ಮರಳಿದರೆಂಬುದನ್ನೂ ಬರೆದಿಡಬೇಕು; ಒಂದು ಪೆನ್ಸಿಲು, ಒಂದು ಹಾಳೆ ಇದಕ್ಕೆ ಸಾಕು. ಈ ವರ್ಷ ಬಿಟ್ಟ ಹುಡುಗನ ಹೆಸರನ್ನು ಹರಿದೆಸೆಯದೆ ಮುಂದಿನ ವರ್ಷ ಮತ್ತೆ ಕರೆಯಬೇಕು. ಏನನ್ನು ತಿದ್ದಿಕೊಳ್ಳಬೇಕೆಂಬುದನ್ನು ಅವನಿಗೆ ಬಾಯಿ ಬಿಟ್ಟು ಹೇಳಬೇಕು.

ತಾಯಿತಂದೆಗಳಿಗೂ ಒಂದು ಪಾಲಿದೆ. ಪುಸ್ತಕ ಮತ್ತು ಅಂಕಣಗಳಲ್ಲಿ ಒಂದನ್ನೇ ಆರಿಸೆಂದು ಹದಿನೈದರಲ್ಲಿ ಒತ್ತಾಯಿಸದೆ ಎರಡನ್ನೂ ನಡೆಸಿಕೊಂಡು ಹೋಗಲು ಬಿಡಬೇಕು. ಮೊಣಕಾಲು 'ನೋಯುತ್ತದೆ' ಎಂದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ತೂಕಕ್ಕಾಗಿ ಊಟ ಬಿಟ್ಟನೆಂದು ತಿಳಿದರೆ ತರಬೇತುದಾರರನ್ನು ಕೇಳುವ ಧೈರ್ಯವನ್ನು ತೋರಬೇಕು. ಪಟ್ಟಿಯಲ್ಲಿ ಹೆಸರಿಲ್ಲದೆ ತಲೆ ತಗ್ಗಿಸಿ ಮನೆಗೆ ಬಂದ ದಿನ ಅವನಿಗೆ ಬೇಕಾದುದು ಬಿಸಿ ಅನ್ನ, ಮೀನಿನ ಸಾರು, ಪ್ರಶ್ನೆ ಕೇಳದ ಒಂದು ಸಂಜೆ. ಬಲವಾದ ಮೂಲೆಯವರು ಇಪ್ಪತ್ತರಾಚೆಗೇ ಹದಗೊಳ್ಳುವರೆಂದ ಮೇಲೆ, ಹದಿನಾರಕ್ಕೆ ಬಂದ 'ಇಲ್ಲ' ಎಂಬ ಉತ್ತರವನ್ನು ಕೊನೆಯ ಮಾತೆಂದು ಏಕೆ ತಿಳಿಯಬೇಕು?